ಗೆರೆಯ ಮೇಲಿನ ದ್ವೀಪ

ಶರಣಪ್ಪನವರನ್ನು ನಮ್ಮ ಕಚೇರಿಯ ಹುಡುಗರು ಫೋನ್ ಮೇಜಿನ ಮುದುಕ ಅನ್ನುತ್ತಿದ್ದರು. ಐವತ್ತೆರಡಕ್ಕೇ ಮುದುಕನಂತೆ, ಅವರ ಬಾಯಿಗೆ ಮಣ್ಣು ಬೀಳ. ವಿಜಯಪುರದವರು, ಈಗ ವಿಲಾಯತಿಯ ರೇನರ್ಸ್ ಲೇನಿನಲ್ಲಿ ಮನೆ, ಡಬ್ಬಿಯಲ್ಲಿ ದಿನಾ ಜೋಳದ ರೊಟ್ಟಿ. ಸೌತ್‌ಹಾಲ್ ಹತ್ತಿರದ ಕಚೇರಿಯಲ್ಲಿ ಕೂತು ನಮ್ಮ ಕಂಪನಿ ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳಿಗೆ ಉಪಗ್ರಹದ ಮೂಲಕ ಚಂದಾ ಟಿವಿ ಕೊಡುತ್ತದೆ. ಚಿತ್ರ ಬರದಿದ್ದರೆ ಅಲ್ಲಿಯವರು ಫೋನ್ ಮಾಡುವುದು ಶರಣಪ್ಪನವರಿಗೆ. ಹನ್ನೊಂದು ವರ್ಷದಲ್ಲಿ ಒಂದು ದ್ವೀಪವನ್ನೂ ಕಣ್ಣಾರೆ ಕಂಡವರಲ್ಲ, ಆದರೆ ಯಾರ ಡಿಶ್‌ಗೆ ಯಾವ ತೆಂಗಿನಮರ ಅಡ್ಡ ಅನ್ನುವುದು ಬಾಯಿಪಾಠ.

ಹಳೆಯ ಉಪಗ್ರಹದ ಆಯುಸ್ಸು ಮುಗಿದು ಹೊಸದಕ್ಕೆ ಬದಲಾಗಬೇಕಿತ್ತು. ಹೊಸದರ ಸಿಗ್ನಲ್ ಎಲ್ಲಿಯವರೆಗೆ ಎಂದು ನಕ್ಷೆಯಲ್ಲಿ ಗೆರೆ ಎಳೆದ ಎಂಜಿನಿಯರ್ ನಾನೇ, ಬೆಂಗಳೂರಿನ ಉದಯಶಂಕರ್. ಶರಣಪ್ಪ ನಕ್ಷೆಯ ಮೇಲೆ ಬೆರಳಿಟ್ಟರು.

"ಸರ, ತೋಮಾಸಿ ಅಜ್ಜನ ದ್ವೀಪ ಗೆರಿ ಒಳಗದನೋ, ಹೊರಗದನೋ?"

"ಗೆರೆ ಮೇಲಿದೆ ರೀ."

"ಮ್ಯಾಲಂದ್ರ?"

"ಒಳಗೇ ಅಂತ ಬರ್ಕೊಳ್ಳಿ."

ಎಂಥ ಸೋಮಾರಿ ಮಾತು ಆಡಿದೆ ನಾನು. ನಕ್ಷೆಯಲ್ಲಿ ಕೂದಲೆಳೆಯಂತಿದ್ದ ಆ ಗೆರೆ ಸಮುದ್ರದ ಮೇಲೆ ಮೂವತ್ತು ಮೈಲಿ ಅಗಲ. ಶರಣಪ್ಪ ನನ್ನ ಮಾತು ನಂಬಿ, ಡಿಶ್ ತಿರುಗಿಸಿದರೆ ಸಾಕು, ಶನಿವಾರದ ಆಟ ಖಂಡಿತ ಕಾಣುತ್ತದೆ ಎಂದು ಆ ದ್ವೀಪದ ಟಿವಿ ನೋಡಿಕೊಳ್ಳುವ ತೋಮಾಸಿಗೆ ಫೋನಿನಲ್ಲಿ ಮಾತು ಕೊಟ್ಟರು. ಅವನ ಮೊಮ್ಮಗಳು ಮೊದಲ ಸಲ ದೇಶದ ತಂಡದಲ್ಲಿ ನೆಟ್‌ಬಾಲ್ ಆಡುವವಳಿದ್ದಳು. ನಲವತ್ತು ಮನೆಯ ಆ ದ್ವೀಪಕ್ಕೆ ಇರುವುದು ಒಂದೇ ಟಿವಿ, ಊರ ಸಭಾಂಗಣದಲ್ಲಿ.

ಗುರುವಾರ ಹಳೆಯ ಉಪಗ್ರಹ ನಿಂತಿತು. ತೋಮಾಸಿ ಏಣಿ ಹತ್ತಿ ಡಿಶ್ ತಿರುಗಿಸಿದ. ಟಿವಿಯಲ್ಲಿ ಸಿಗ್ನಲ್ ಅಂಕಿ ಮೂವತ್ತು ದಾಟಬೇಕು, ಹತ್ತೊಂಬತ್ತು ದಾಟಲಿಲ್ಲ. ಶುಕ್ರವಾರ ನಾನು ಮತ್ತೆ ಲೆಕ್ಕ ಹಾಕಿ ನೋಡಿದೆ. ದ್ವೀಪ ಹೊರಗಿತ್ತು. ಇನ್ನೂ ದೊಡ್ಡ ಡಿಶ್ ಬೇಕು, ಅದು ಹಡಗಿನಲ್ಲಿ ಹೋಗಲು ಎರಡು ತಿಂಗಳು. ಮ್ಯಾನೇಜರ್‌ಗೆ ಹೇಳಿದರೆ, "ಬರೋದಿಲ್ಲ ಅಂತ ಯಾರೂ ಬಾಯಿಬಿಡಬೇಡಿ, ಚಂದಾ ವಾಪಸ್ ಕೇಳ್ತಾರೆ. ತಿರುಗಿಸ್ತಾ ಇರಲಿ" ಎಂಬ ಅಪ್ಪಣೆಯಾಯಿತು. ನನ್ನ ವೀಸಾ ಇರುವುದು ಆ ಕಂಪನಿಯ ಕೈಯಲ್ಲಿ. ಬಾಯಿ ಮುಚ್ಚಿಕೊಂಡೆ. ಶರಣಪ್ಪನವರಿಗೆ ಮಾತ್ರ ಹೇಳಿದೆ. ಅವರು ರೊಟ್ಟಿ ಡಬ್ಬಿಯ ಮುಚ್ಚಳ ತೆಗೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ಆರಕ್ಕೆ, ಅಲ್ಲಿ ಸಂಜೆ ಐದಕ್ಕೆ, ಆಟ ಶುರುವಾಯಿತು. ನಮ್ಮ ಕಚೇರಿಯ ಗೋಡೆಯ ಪರದೆಯಲ್ಲಿ ಕನ್ನಡಿಯಷ್ಟು ಸ್ಪಷ್ಟ ಚಿತ್ರ. ಕೆಳಗೆ ಆ ಹುಡುಗಿಯ ಹೆಸರೂ ಬಂತು. ಉದ್ದ ಜಡೆ, ಚಿಗರೆ ಮರಿಯ ಓಟ. ಇತ್ತ ಫೋನಿನಲ್ಲಿ ಎಪ್ಪತ್ತರ ತೋಮಾಸಿ ಏಣಿಯ ಮೇಲೆ.

"ಇನ್ನೂ ಹತ್ತೊಂಬತ್ತೇ ಅಂತಾರೆ. ಈಗ ಯಾವ ಕಡೆಗೆ?" ಅಂತ ಅವನು ಕೇಳುತ್ತಿದ್ದ.

"ಸ್ವಲ್ಪ ಪೂರ್ವಕ್ಕೆ" ಅಂತ ಶರಣಪ್ಪ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪರದೆಗೆ ಬೆನ್ನು ಮಾಡಿ ಕೂತಿದ್ದರು. ಅವರ ಕಣ್ಣು ಕೆಂಪಾಗಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಆಟ ಮುಕ್ಕಾಲು ಮುಗಿದಿತ್ತು. ತೋಮಾಸಿ ಏದುಸಿರು ಬಿಡುತ್ತಾ ಕೇಳಿದ. "ಮಕ್ಕಳೆಲ್ಲ ಟಿವಿ ಮುಂದೆ ಕೂತಿದ್ದಾರೆ. ನಿಜ ಹೇಳಿ, ಬರುತ್ತದೆ ತಾನೇ?"

ಶರಣಪ್ಪ ಎದ್ದು ನಿಂತರು. ಫೋನನ್ನು ನನ್ನ ಕೈಗಿಟ್ಟರು.

"ಗೆರಿ ಎಳದವ್ರು ನೀವು, ಸರ. ನೀವೇ ಹೇಳ್ರಿ. ನನ್ನ ಕೈಲಿ ಆಗೂದಿಲ್ಲ."

ಕಿವಿಗಿಟ್ಟುಕೊಂಡೆ. ಆ ಕಡೆ ಗಾಳಿ, ಮಕ್ಕಳ ಗದ್ದಲ, ಮುದುಕನ ಉಸಿರು. ಪರದೆಯಲ್ಲಿ ಅವನ ಮೊಮ್ಮಗಳು ಚೆಂಡು ಹಿಡಿದು ನಿಂತಿದ್ದಳು.

"ಇನ್ನೆರಡು ಬೆರಳಷ್ಟು ಪೂರ್ವಕ್ಕೆ ತಿರುಗಿಸಿ" ಅಂದೆ.