ನಂದಿಗುಡಿಗೆ ಹೋದ ಓಟಿಪಿ

ನಮ್ಮ ಹಳೆಯ ಕಾರಿಗೆ ಹದಿನೈದು ವರ್ಷ ತುಂಬುತ್ತಿತ್ತು. ಕೊಂಡಾಗಲೇ ಲೈಫ್ ಟ್ಯಾಕ್ಸ್ ಕಟ್ಟಿದ್ದರೂ ಇನ್ನು ಮುಂದೆ ಓಡಿಸಬೇಕೆಂದರೆ ಹಸಿರು ತೆರಿಗೆ ಕಟ್ಟಿ, ಗಾಡಿ ತೋರಿಸಿ, ನೋಂದಣಿ ಹೊಸದು ಮಾಡಿಸಬೇಕು ಎಂದು ನನ್ನವರು ಊಟ ಮಾಡುತ್ತಾ ಹೇಳಿದರು.

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಲೈಫ್ ಅಂದ್ರೆ ಜೀವಮಾನ ಅಲ್ಲೇನೋ? ಕಾರು ಇನ್ನೂ ಬದುಕೇ ಐತಲ್ಲ."

"ಸರ್ಕಾರದ ಲೆಕ್ಕದಾಗೆ ಅದು ಸತ್ತಂಗೇ ಅವ್ವ. ಗುಜರಿಗೆ ಕೊಟ್ಟು ಕೈ ತೊಳಕೊಳ್ಳಾಣ. ಹೊಸಾದು ಐತಲ್ಲ."

ಹೊಸದು ಇರುವುದು ನಿಜ. ಅದು ಬೆಳಿಗ್ಗೆ ಅವರ ಜೊತೆ ಬಟ್ಟೆ ಅಂಗಡಿಗೆ ಹೋದರೆ ಅವರ ಜೊತೆಯೇ ಮನೆಗೆ ಬರುತ್ತದೆ. ಹಳೆಯದು ನನ್ನದು. ಕಾಗದದಲ್ಲಿ ಅಲ್ಲ, ಕಾಗದದಲ್ಲಿ ಅದೂ ಅವರದೇ. ಆದರೆ ನಲವತ್ತು ದಾಟಿದ ಮೇಲೆ ನಾನು ಕಾರು ಕಲಿತದ್ದು ಅದರಲ್ಲಿ, ಸರಸ್ವತಿ ನಗರದ ಆಚೆ ಮನೆಗಳೆದ್ದಿರದ ಸೈಟುಗಳ ನಡುವೆ. ಅದರ ಸೀಟು ನನ್ನ ಎತ್ತರಕ್ಕೆ ಮುಂದೆ ಎಳೆದಿದೆ. ಬೇರೆ ಯಾರು ಕೂತರೂ ಮೊಣಕಾಲು ಸ್ಟಿಯರಿಂಗಿಗೆ ಬಡಿಯುತ್ತದೆ. ಅದು ಹೋದರೆ ನಾನು ಮತ್ತೆ "ರೀ, ಸ್ವಲ್ಪ ಬಿಟ್ಟು ಬರ್ತೀರಾ" ಎಂದು ಕೇಳುವವಳಾಗುತ್ತೇನೆ.

"ಬೇಕಾದ್ರೆ ನೀನೇ ಮಾಡಿಸ್ಕೋ. ನಂಗೆ ಅಂಗಡಿ ಬಿಟ್ಟು ಬರಾಕೆ ಆಗಲ್ಲ," ಎಂದು ಅವರು ಕೈ ತೊಳೆಯಲು ಎದ್ದರು.

ಮಾಡಿಸಿಕೊಳ್ಳಲು ಸಾರಿಗೆ ಇಲಾಖೆಯ ವೆಬ್‌ಸೈಟ್ ತೆರೆದು ಕೂತೆ. ಕಾರಿನ ನಂಬರು ಹಾಕಿ ಗುಂಡಿ ಒತ್ತಿದರೆ, ನೋಂದಾಯಿತ ಮೊಬೈಲಿಗೆ ಓಟಿಪಿ ಕಳುಹಿಸಲಾಗಿದೆ ಎಂದು ಬಂತು. ನನ್ನ ಫೋನು ಸುಮ್ಮನಿತ್ತು. ಅವರಿಗೆ ಬಂದಿರಬಹುದೆಂದು ಅಂಗಡಿಗೆ ಫೋನ್ ಮಾಡಿದೆ.

"ಅದಾ? ಅದು ನನ್ನ ಹಳೇ ನಂಬರಿಗೆ ಹೋಗಿರತೈತೆ. ಆ ಸಿಮ್ಮು ಬಿಟ್ಟು ಯಾವ ಕಾಲ ಆತು!" ಹಿಂದೆ ಯಾರಿಗೋ ಲೈನಿಂಗ್ ಬಟ್ಟೆ ಹರಿದುಕೊಡುವ ಸದ್ದು ಪರ್ರನೆ ಕೇಳಿಸಿತು.

ಮರುದಿನ ಸಾರಿಗೆ ಕಚೇರಿಗೆ ಹೋದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಸಿಸ್ಟರುಗಳು ನಮಗೆ ಕಲಿಸಿದ ಮೊದಲ ಪಾಠ, ಹುಡುಗಿಯರು ದನಿ ಏರಿಸಬಾರದು ಎಂಬುದು. ಅಲ್ಲಿನ ಕಿಟಕಿಯ ಮುಂದೆ ಆ ಪಾಠದಿಂದ ಏನೂ ಪ್ರಯೋಜನವಾಗಲಿಲ್ಲ. ನಾನು "ಎಕ್ಸ್‌ಕ್ಯೂಸ್ ಮಿ" ಎನ್ನುವಷ್ಟರಲ್ಲಿ ನನ್ನ ಭುಜದ ಮೇಲಿಂದ ಇನ್ನೊಬ್ಬರ ಕೈ ಒಳಗೆ ಹೋಗಿರುತ್ತಿತ್ತು. ಒಂದು ಕೈಯ ಬೆರಳಿಗೆ ಎಲೆಯಡಿಕೆಯ ಸುಣ್ಣ ಇನ್ನೂ ಮೆತ್ತಿತ್ತು, ಅದು ನನ್ನ ಸೀರೆಗೂ ಮೆತ್ತಿಕೊಂಡಿತು. ಕೊನೆಗೂ ನನ್ನ ಸರದಿ ಬಂದಾಗ ಗುಮಾಸ್ತರು ತಾಳ್ಮೆಯಿಂದಲೇ ಹೇಳಿದರು.

"ನಂಬರ್ ಬದ್ಲಿ ಮಾಡಿಕೊಡ್ತೀವ್ರಿ ಮೇಡಂ. ಆದ್ರೆ ಓನರೇ ಬರಬೇಕು."

"ನಾನು ಅವರ ಹೆಂಡತಿ."

"ಇರ್ರಿ, ಬ್ಯಾಡ ಅಂದೋರು ಯಾರು? ಗಾಡಿ ಯಾರ ಹೆಸರಿಗೈತೋ ಅವ್ರನ್ನ ಕರಕೊಂಡು ಬರ್ರಿ."

ಓನರು "ನಾಳೆ ಹೋಗಾಣ" ಎಂದರು. ಮರುದಿನವೂ ಅದನ್ನೇ ಎಂದರು. ಇತ್ತ ನೋಂದಣಿ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಅದರ ಹಿಂದೆಯೇ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಅತ್ತೆಯನ್ನು ಉಕ್ಕಡಗಾತ್ರಿಯ ಗುಡಿಗೆ ಕರೆದುಕೊಂಡು ಹೋಗುವುದು ನಾನೇ, ಆ ಕಾರಿನಲ್ಲೇ. ಬಸ್ಸಿನ ಮೆಟ್ಟಿಲು ಅವರಿಗೆ ಹತ್ತಲಾಗದು.

ಬೇರೆ ದಾರಿ ಕಾಣದೆ ಇನ್ನೊಮ್ಮೆ ಗುಂಡಿ ಒತ್ತಿ, ನನ್ನವರ ಹಳೆಯ ನಂಬರಿಗೇ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡಳು. ಹಿಂದೆ ಎಮ್ಮೆ ಕೂಗುತ್ತಿತ್ತು.

"ನಮಸ್ಕಾರ. ದಯವಿಟ್ಟು ಕ್ಷಮಿಸಿ, ತಮಗೆ ತೊಂದರೆ ಕೊಡುತ್ತಿದ್ದೇನೆ. ತಮ್ಮ ಮೊಬೈಲಿಗೆ ಈಗ ಒಂದು ಓಟಿಪಿ ಬಂದಿರಬಹುದು..."

"ಬಂದೈತೆ. ಕೊಡಲ್ಲ."

ಫೋನ್ ಕಟ್ಟಾಯಿತು. ಎರಡನೇ ಸಲ ಮಾಡಿದಾಗ ಆಕೆ ಕಾರಣವನ್ನೂ ಹೇಳಿದಳು.

"ನೋಡವ್ವ, ನಮ್ಮ ಸಂಘದ ಮೀಟಿಂಗಿನಾಗೆ ಎಲ್ಲಾ ಹೇಳಿಕೊಟ್ಟಾರೆ. ಓಟಿಪಿ ಕೇಳೋ ಕಳ್ಳರ ದನಿ ಭಾಳ ನಯ ಇರತೈತಂತೆ. ತಾವು, ದಯವಿಟ್ಟು ಅಂತಾರಂತೆ. ನಿಂದೂ ಹಂಗೇ ಐತೆ."

"ಇಲ್ಲಮ್ಮ, ನಾನು ದಾವಣಗೆರೆಯವಳು. ಗೃಹಿಣಿ."

"ಯಾಕ, ದಾವಣಗೆರ್ಯಾಗೆ ಕಳ್ಳರಿಲ್ಲೇನು?"

ಅಡುಗೆಮನೆಯಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದ ಅತ್ತೆ, "ನೀ ಮಾತಾಡೋದು ರೇಡಿಯೋ ವಾರ್ತೆ ಓದಿದಂಗೆ ಐತೆ, ಅಕಿ ಹೆಂಗೆ ನಂಬ್ತಾಳೆ?" ಎಂದರು. ನಯವಾಗಿ ಮಾತಾಡಿದ್ದಕ್ಕೆ ಕಳ್ಳಿ ಅನ್ನಿಸಿಕೊಂಡದ್ದು ನನಗೆ ಅದೇ ಮೊದಲು.

ನೋಂದಣಿ ಮುಗಿಯಲು ಇನ್ನೊಂದೇ ದಿನವಿತ್ತು. ಸಂಜೆ ಕುಕ್ಕರು ಕೂಗುತ್ತಿರುವಾಗ ನನ್ನವರ ಫೋನು ಬಂತು. "ನಾಳೆ ಬೆಳಿಗ್ಗೆ ಗುಜರಿಯೋನು ಕಾರು ನೋಡಾಕೆ ಬರ್ತಾನೆ. ಒಳಗಿನ ನಿನ್ನ ಸಾಮಾನು ತೆಗೆದಿಡು."

ಒಲೆ ಆರಿಸಿದೆ. ಗುಂಡಿ ಒತ್ತಿದೆ. ಆ ನಂಬರಿಗೆ ಮತ್ತೆ ಫೋನ್ ಮಾಡಿದೆ.

"ಮತ್ತೆ ನೀನೇನಾ? ಪೊಲೀಸರಿಗೆ ಹೇಳ್ಲಾ?"

ಆಗ ನನ್ನ ಬಾಯಿಂದ ಬಂದದ್ದು ಯಾವ ಸಿಸ್ಟರೂ ಕಲಿಸಿದ್ದಲ್ಲ.

"ಹೇಳವ್ವ, ಹೇಳು! ಬಂದು ಹಿಡಕೊಂಡು ಹೋಗ್ಲಿ, ಈ ಮನ್ಯಾಗೆ ಅಡಿಗಿ ಮಾಡೋದಾದ್ರೂ ತಪ್ಪತೈತೆ! ನಮ್ಮನಿಯೋರಿಗೆ ಒಂದು ನಂಬರ್ ಬದ್ಲಿ ಮಾಡ್ಸೋ ಯೋಗ್ಯತಿ ಇಲ್ಲ. ಅರ್ಧ ತಾಸು ಅಂಗಡಿ ಬಿಟ್ಟು ಬಂದ್ರೆ ದಾವಣಗೆರಿ ಜನ ಬರಿಮೈಯಾಗೆ ತಿರುಗ್ತಾರೇನು? ನಾಳೆ ಗುಜರಿಯೋನು ಬಂದು ನನ್ನ ಕಾರು ಎಳಕೊಂಡು ಹೋಗ್ತಾನೆ. ನೀ ನೋಡಿದ್ರೆ ನಾಲ್ಕು ಅಂಕಿ ಹೇಳಾಕೆ ಸಾಯ್ತಿ! ಇಟ್ಕೋ ನಿನ್ನ ಓಟಿಪಿ, ಉಪ್ಪಿನಕಾಯಿ ಹಾಕ್ಕೋ!"

ಅತ್ತೆ ಕೈಯಲ್ಲಿ ಹತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಫೋನಿನ ಆ ಕಡೆ ಆಕೆ ನಕ್ಕಳು, ಒಳ್ಳೇ ಗಟ್ಟಿಯಾಗಿ.

"ಮೊದ್ಲೇ ಹಿಂಗೆ ಮಾತಾಡಿದ್ರೆ ಆಗ್ತಿತ್ತಲ್ಲವ್ವ! ಕಳ್ಳರು ಯಾರಾದ್ರೂ ಗಂಡನ್ನ ಬೈತಾರೇನು? ನಮ್ಮನಿಯೋನೂ ಹಂಗೇ, ಗ್ಯಾಸ್ ಬುಕ್ ಮಾಡಾಕೂ ನಾನೇ ಬೇಕು. ತಡಿ, ಕೊಡ್ತೀನಿ."

ಕೊಡುವುದೂ ಸುಲಭವಾಗಿರಲಿಲ್ಲ. ಆಕೆಯದು ಗುಂಡಿ ಇರುವ ಸಣ್ಣ ಫೋನು, ಮಾತಾಡುತ್ತಾ ಮೆಸೇಜು ನೋಡಲು ಆಕೆಗೆ ಬಾರದು. ಫೋನ್ ಇಟ್ಟು, ಕನ್ನಡಕ ಹುಡುಕಿ, ಓದಿಕೊಂಡು, ನನಗೆ ಮಿಸ್ ಕಾಲ್ ಕೊಡುವಷ್ಟರಲ್ಲಿ ಅದರ ಅವಧಿ ಮುಗಿಯುತ್ತಿತ್ತು. ನಾನು ಹೊಸದು ಕೇಳುವುದು, ಆಕೆ ಹಳೆಯದನ್ನೇ ಓದುವುದು. "ಯಾವುದವ್ವ, ಮ್ಯಾಲಿಂದಾ ಕೆಳಗಿಂದಾ?" ಎಂದು ಆಕೆ ಕೂಗುವುದು, "ಮ್ಯಾಲಿಂದು, ಮ್ಯಾಲಿಂದು!" ಎಂದು ನಾನು ಕಿರುಚುವುದು. ಕೊನೆಗೆ ಆಕೆ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು, ಮಗ್ಗಿ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ತೆರಿಗೆ ಕಟ್ಟಿದ ರಸೀದಿ ಪರದೆಯ ಮೇಲೆ ಬಂತು.

"ಆತಾ?"

"ಆತವ್ವ. ಯಾವೂರು ನಿಂದು?"

"ನಂದಿಗುಡಿ, ಉಕ್ಕಡಗಾತ್ರಿ ದಾರ್ಯಾಗೆ. ಅಮಾಸಿಗೆ ಈ ಕಡೆ ಬಂದ್ರೆ ಮನಿಗೆ ಬರ್ರಿ."

ಬೆಳಿಗ್ಗೆ ಗುಜರಿಯವನು ಬಂದು ಟೈರಿಗೆ ಕಾಲಿನಿಂದ ತಟ್ಟಿ ನೋಡುತ್ತಿದ್ದಾಗ, ಅವನನ್ನು ವಾಪಸು ಕಳಿಸಿದ್ದು ಅತ್ತೆ. "ನಮ್ಮ ಕಾರು ಬದುಕೈತೆ, ಹೋಗಪ್ಪ." ಅದೇ ದಿನ ರಸೀದಿ ಹಿಡಿದು ಕಾರು ತೋರಿಸಲು ಹೋದೆ. ಈ ಸಲ ನನ್ನ ಭುಜದ ಮೇಲಿಂದ ಯಾರ ಕೈಯೂ ಒಳಗೆ ಹೋಗಲಿಲ್ಲ, ನಾನು ಬಿಡಲಿಲ್ಲ. ವೈಪರ್ ಬದಲಾಯಿಸಿ ಎಂದರು, ಅಷ್ಟೇ. ಅಮಾವಾಸ್ಯೆಯ ದಿನ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಉಕ್ಕಡಗಾತ್ರಿಗೆ ಬಂದರು.

ನಂಬರು ಬದಲಾಯಿಸುವ ಕೆಲಸ ಮಾತ್ರ ಇನ್ನೂ ಆಗಿಲ್ಲ. ನನ್ನವರ "ನಾಳೆ" ನಡೆದೇ ಇದೆ.

ಮೊನ್ನೆ ಊಟದ ಹೊತ್ತಿಗೆ ನಂದಿಗುಡಿಯಿಂದ ಫೋನು. "ಏನವ್ವ, ಹರಿಹರದಾಗೆ ಬೆಲ್ಟ್ ಹಾಕಲ್ದೇ ಹೋಗಿದ್ಯಂತೆ? ದಂಡ ಬಿದ್ದೈತೆ ಅಂತ ನನಗೆ ಮೆಸೇಜು ಬಂದೈತೆ."

ಬೆಲ್ಟ್ ಹಾಕದೆ ನಾನು ಕಾರನ್ನು ಗೇಟು ದಾಟಿಸುವುದೂ ಇಲ್ಲ. ಆದರೆ ಹಿಂದಿನ ವಾರ ಹೊಸ ಕಾರು ಸರ್ವಿಸಿಗೆ ಹೋಗಿದ್ದಾಗ, ಅಂಗಡಿಯ ಬಾಕಿ ವಸೂಲಿಗೆಂದು ಹರಿಹರಕ್ಕೆ ನನ್ನ ಕಾರನ್ನು ಒಯ್ದವರು ಯಾರೆಂದು ನೆನಪಾಯಿತು. ಸೀಟು ಹಿಂದಕ್ಕೆ ತಳ್ಳಿ ಹಾಗೇ ಬಿಟ್ಟಿದ್ದರು. ಬ್ರೇಕಿಗೆ ನನ್ನ ಕಾಲು ಎಟುಕಿರಲಿಲ್ಲ. ಗುಜರಿಗೆ ಹಾಕಬೇಕೆಂದಿದ್ದ ಕಾರು!

"ನಾನಲ್ಲ, ನಮ್ಮನಿಯೋರು," ಎಂದೆ.

"ಎಲ್ಲದಾರೆ ಈಗ?"

"ಇಲ್ಲೇ. ಉಣ್ಣಾಕೆ ಕುಂತಾರೆ."

"ಹಂಗಾರೆ ಅವತ್ತಿನಂಗೆ ಸುರು ಮಾಡು," ಎಂದಳು ಆಕೆ. "ಫೋನ್ ಮಾತ್ರ ಇಡಬ್ಯಾಡ, ನಾನೂ ಕೇಳಿಸ್ಕೊಂತೀನಿ."