ಪೇಶಕಾರರ ಉತ್ತರ

ಪಕ್ಕದ ಮನೆಯ ಹುಡುಗಿ ಕಟ್ಟೆಯ ಮೇಲೆ ಕುಳಿತು ಇಂಗ್ಲಿಷ್ ಓದುತ್ತಾಳೆ. ‘ಇಸ್’ ಸರಿಯೋ ‘ಆರ್’ ಸರಿಯೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಅದು ಕಿವಿಗೆ ಬಿದ್ದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಮೋರೆ ಬಿಸಿಯಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ನಿಜಾಮರ ಕಾಲದಲ್ಲಿ ನಾನು ಔರಾದ ತಹಸೀಲು ಕಚೇರಿಯಲ್ಲಿ ಪೇಶಕಾರ. ಸಾಹೇಬರ ಮುಂದೆ ಕಾಗದಪತ್ರ ಮಂಡಿಸುವ ಹಿರಿಯ ಗುಮಾಸ್ತ. ನನ್ನ ಉರ್ದು ಅಕ್ಷರವನ್ನು ಬೀದರಿನವರೂ ಹೊಗಳುತ್ತಿದ್ದರು. ನಾನಂತೂ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಹೊರಗಿನಿಂದ ಹೊಸ ಸಾಹೇಬರು ಬಂದರು, ಅವರ ಹಿಂದೆಯೇ ಇಂಗ್ಲಿಷ್ ಬಂತು. ಸಂಜೆ ಎಲ್ಲರೂ ಕಲಿಯಬೇಕು, ಕೊನೆಗೆ ಸಾಹೇಬರೇ ಪರೀಕ್ಷೆ ಮಾಡುತ್ತಾರೆ, ಬಾರದವರಿಗೆ ನೌಕರಿಯಿಲ್ಲ ಎಂದಾಯಿತು.

ಭಾಲ್ಕಿಯಿಂದ ಬಂದ ಎಳೆಯ ಮಾಸ್ತರರು ಕರಿಹಲಗೆಯ ಮೇಲೆ ವಾಕ್ಯ ಬರೆದು, ಬಿಟ್ಟ ಜಾಗಕ್ಕೆ ಎರಡು ಪದಗಳಲ್ಲಿ ಒಂದನ್ನು ಆರಿಸಲು ಹೇಳುತ್ತಿದ್ದರು. ಹಿರಿಯರು ಬಾಯಿಬಿಡುವ ಮುನ್ನ ಕಿರಿಯರು ಮಾತಾಡಬಾರದು ಎಂಬುದು ನಮ್ಮ ಕಚೇರಿಯ ರಿವಾಜು. ಹಾಗಾಗಿ ಮೊದಲು ನಾನು. ಮೀಸೆ ತೀಡಿ ಒಂದು ಪದ ಒಗೆಯುತ್ತಿದ್ದೆ. ಹಿಂದಿನಿಂದ ಎಲ್ಲರೂ, “ಪೇಶಕಾರ ಸಾಹೇಬ್ರು ಹೇಳಿದ್ದೇ ಖರೇ ಅದರಿ” ಎನ್ನುತ್ತಿದ್ದರು. ಮಾಸ್ತರರು ಹಣೆ ಹಿಡಿದುಕೊಳ್ಳುತ್ತಿದ್ದರು. ಕಲಿಸಲು ಬಾರದ ಮಾಸ್ತರ ಎಂದು ನಾನು ಮನೆಯಲ್ಲಿ ಅವರನ್ನೇ ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಒಂದು ಸಂಜೆ ಪಾಠ ಮುಗಿದ ಮೇಲೆ, ಬಿಟ್ಟುಬಂದ ಛತ್ರಿಗಾಗಿ ಕಚೇರಿಗೆ ತಿರುಗಿ ಹೋದೆ. ಕಿರಿಯ ಗುಮಾಸ್ತ ಇಸ್ಮಾಯಿಲ ಉಳಿದವರಿಗೆ ಅದೇ ವಾಕ್ಯಗಳನ್ನು ಬಿಡಿಸಿ ಹೇಳುತ್ತಿದ್ದ. ಒಂದೂ ತಪ್ಪಿರಲಿಲ್ಲ.

“ಇಷ್ಟೆಲ್ಲ ಬರ್ತದ, ಮತ್ತ ಮಾಸ್ತರ ಮುಂದ ಯಾಕ ತಪ್ಪು ಹೇಳ್ತಿ?”

ಅವನು ಎದ್ದು ನಿಂತ. “ನೀವು ಒಂದು ಹೇಳಿದ ಮ್ಯಾಲ ನಾ ಬ್ಯಾರೆ ಹ್ಯಾಂಗ ಹೇಳಲಿರಿ? ದೊಡ್ಡವರಿಗೆ ಬೇಅದಬಿ ಮಾಡಿದಂಗ ಆಗ್ತದರಿ.”

ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ದಿನಗಳಲ್ಲಿ ಅವನ ಕೋಮಿನವರಿಗೆ ಒಂದು ನೌಕರಿ ಹೋದರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ. ತಾಯಿ, ತಂಗಿಯರು ಅವನನ್ನೇ ನಂಬಿದ್ದರು. ನನ್ನ ಮಾನ ಉಳಿಸಲು ಅವನು ಅನ್ನ ಕಳೆದುಕೊಳ್ಳಲು ಹೊರಟಿದ್ದ. ಮರುದಿನ ನಾನು ಎಲ್ಲರಿಗಿಂತ ಹಿಂದೆ ಹೋಗಿ ಕುಳಿತೆ. ಪುಣ್ಯಾತ್ಮರು ಎಲ್ಲರೂ ಎದ್ದು ನನ್ನ ಹಿಂದೆ ಬಂದು ಕುಳಿತರು.

ಪರೀಕ್ಷೆಯ ದಿನ ಸಾಹೇಬರು ನನ್ನನ್ನೇ ಮೊದಲು ಕೇಳಿದರು. ಊಹೆಯ ಉತ್ತರ ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. “ನನಗ ಬರೂದಿಲ್ರಿ” ಎಂದೆ. ಇನ್ನು ಇಸ್ಮಾಯಿಲನಿಗೆ ಅಡ್ಡಿಯಿಲ್ಲ ಎಂದುಕೊಂಡೆ. ಅವನು ಎದ್ದು, “ನನಗೂ ಬರೂದಿಲ್ರಿ” ಎಂದ!

“ನಿನಗ ಬರ್ತದ” ಎಂದು ಎಲ್ಲರೆದುರು ಗದರಿದೆ. “ಹೇಳು. ಇದು ಪೇಶಕಾರನ ಹುಕುಂ ಅದ.”

ಅವನು ನೆಲ ನೋಡುತ್ತಲೇ ಎಲ್ಲಕ್ಕೂ ಉತ್ತರಿಸಿದ. ಅವನ ನೌಕರಿ ಉಳಿಯಿತು, ನನ್ನದು ಹೋಯಿತು. ದೊಡ್ಡ ಮನಸ್ಸು ಎಂದು ಊರವರು ಹೊಗಳಿದರು. ನನಗೆ ನೆನಪಿರುವುದು, ಆ ಸಂಜೆ ಹೆಂಡತಿಗೆ ಮುಖ ತೋರಿಸಲಾರದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದದ್ದು.

ಮೊನ್ನೆ ರಂಜಾನಿಗೆ ಬೀದರಿನಲ್ಲಿರುವ ಅವನ ಮನೆಗೆ ಹೋಗಿದ್ದೆ. ಈಗ ಇಸ್ಮಾಯಿಲ ನಿವೃತ್ತ ಅಧಿಕಾರಿ. ಅವನ ಮೊಮ್ಮಗ ಪುಸ್ತಕ ತಂದು ಇಂಗ್ಲಿಷಿನದೇನೋ ನನ್ನನ್ನು ಕೇಳಿದ.

“ನನಗ ಬರೂದಿಲ್ಲಪ್ಪ, ನಿಮ್ಮ ದಾದಾಗ ಕೇಳು” ಎಂದೆ.

ಹುಡುಗ ಅತ್ತ ತಿರುಗಿದ. ಶೀರಖುರ್ಮಾದ ಬಟ್ಟಲು ಹಿಡಿದು ನಿಂತೇ ಇದ್ದ ಇಸ್ಮಾಯಿಲ ಒಮ್ಮೆ ನನ್ನ ಕಡೆ ನೋಡಿ, “ನನಗೂ ಬರೂದಿಲ್ಲ, ಬೇಟಾ” ಎಂದ.

ತಲೆ ಎತ್ತದೆ ಬಟ್ಟಲು ಇಸಿದುಕೊಂಡೆ. ಈ ಸಲ ಗದರಲು ನನ್ನಲ್ಲಿ ಹುಕುಂ ಉಳಿದಿರಲಿಲ್ಲ.