ತಲೆ ತಗ್ಗಿಸಬಾರದ ಜಹೂರ್

ಬೀದರಿನ ನಮ್ಮ ಓಣಿಯಲ್ಲಿ ಬಿದ್ರಿ ಕೆಲಸದವರಿಗೆಲ್ಲ ಕತ್ತು ಬಾಗಿಯೇ ಇರುತ್ತದೆ. ಲೋಹದ ಹೂಜಿಯನ್ನು ಕಲ್ಲಿನ ಮೇಲಿಟ್ಟು, ಕಾಲಲ್ಲಿ ಒತ್ತಿ ಹಿಡಿದು ಬಳ್ಳಿಯ ಚಿತ್ತಾರ ಕೆತ್ತಬೇಕಾದರೆ ಗದ್ದ ಎದೆಗೆ ತಾಗಲೇಬೇಕು. ನನ್ನ ಚಹಾದಂಗಡಿ ಎದುರಿನ ಖಾದರ್ ಉಸ್ತಾದರು ಮಗ ಜಹೂರನಿಗೆ ಚಿಕ್ಕಂದಿನಿಂದ ಹೇಳಿದ್ದು ಒಂದೇ ಮಾತು: "ತಲಿ ತಗ್ಗಸು."

ಜಹೂರನಿಗೆ ಇಪ್ಪತ್ತು ತುಂಬಿದ ಚಳಿಗಾಲದಲ್ಲಿ ಬಲಗೈಯಿಂದ ಉಳಿ ಜಾರತೊಡಗಿತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಹಳ್ಳ ಬಿತ್ತು, ಮುಂಗೈ ಸಣಕಲಾಯಿತು. ನೋವು ಮಾತ್ರ ಇಲ್ಲ. ನೋವಿಲ್ಲದ ರೋಗವನ್ನು ಯಾರು ನಂಬುತ್ತಾರೆ? ಊರಿನಲ್ಲಿ ನೆಟ್ಟಗೆ ಮಲಗಿಸಿ ಕತ್ತಿನ ಸ್ಕ್ಯಾನ್ ಮಾಡಿದರು. ಏನೂ ಕಾಣಲಿಲ್ಲ.

"ಮಷೀನಿಗೇ ಸಿಗಲಾರದ ರೋಗ ಬಂದದ ನವಾಬನಿಗೆ," ಎಂದರು ಉಸ್ತಾದರು, ಓಣಿಗೆಲ್ಲ ಕೇಳುವಂತೆ. ನನಗೆ ಮೈಯೆಲ್ಲ ಉರಿಯಿತು. ಹುಡುಗನನ್ನು ನಾನೇ ಬೆಂಗಳೂರಿಗೆ ಕರೆದೊಯ್ದೆ.

ಅಲ್ಲಿನ ಡಾಕ್ಟರಮ್ಮ ಎರಡೂ ಕೈ ಮುಟ್ಟಿ ನೋಡಿ, "ಕೆಲಸಕ್ಕೆ ಹೇಗೆ ಕೂತ್ಕೊತೀಯಪ್ಪ, ತೋರಿಸು," ಎಂದರು. ಜಹೂರ್ ನೆಲದ ಮೇಲೆ ಕೂತು ತಲೆ ತಗ್ಗಿಸಿದ. ಅವರು ಸುಮಾರು ಹೊತ್ತು ನೋಡಿದರು. ಆಮೇಲೆ ಕತ್ತು ಬಗ್ಗಿಸಿಯೇ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರು. ಈ ಸಲ ಕಂಡಿತು: ತಲೆ ಬಗ್ಗಿದಾಗಲೆಲ್ಲ ಬೆನ್ನುಹುರಿ ಮುಂದಿನ ಮೂಳೆಗೆ ಒತ್ತಿಕೊಂಡು, ಕೈಯ ನರಗಳು ಸೊರಗುತ್ತಿದ್ದವು.

"ಹರೆಯದ ಹುಡುಗರಿಗೆ ಬರೋದು ಇದು. ಕತ್ತಿಗೆ ಪಟ್ಟಿ ಹಾಕ್ಕೊ, ತಲೆ ಬಗ್ಗಿಸ್ಬೇಡ. ಇಷ್ಟಕ್ಕೇ ನಿಲ್ಲಬಹುದು. ಹೋದ ಮಾಂಸ ಮಾತ್ರ ವಾಪಸ್ ಬರೋದು ಕಷ್ಟ."

"ಕೆಲ್ಸ ಮಾಡ್ಬಹುದಾ ಮೇಡಂ?"

"ತಲೆ ಬಗ್ಗಿಸದೆ ಮಾಡೋಕಾದ್ರೆ ಮಾಡು."

ಊರಿಗೆ ಬಂದು ಹೂಜಿಯನ್ನು ಎತ್ತರದ ಮೇಜಿನ ಮೇಲಿಟ್ಟು ನೋಡಿದ. ಕಾಲಿನ ಹಿಡಿತವಿಲ್ಲದೆ ಅದು ಉರುಳಿತು, ಬಳ್ಳಿ ಸೊಟ್ಟಗಾಯಿತು. ಮಸೀದಿಯಲ್ಲೂ ಅವನೀಗ ಮುದುಕರ ಪಕ್ಕ ಕುರ್ಚಿ ಹಾಕಿಕೊಂಡು ನಮಾಜು ಮಾಡುತ್ತಾನೆ. ಡಾಕ್ಟರಮ್ಮ ಹೇಳಿದ್ದು ಕೇಳಿದ ಮೇಲೆ ಉಸ್ತಾದರ ಬಾಯಲ್ಲಿ ಹಗಲೆಲ್ಲ ಒಂದೇ ಕೂಗು: "ಜಹೂರ್, ತಲಿ ಎತ್ತು." ಒಂದು ದಿನ ಮಗ ಪಟ್ಟಿ ಬಿಚ್ಚಿಟ್ಟು ಕೆತ್ತಲು ಕೂತಿದ್ದನ್ನು ಕಂಡು, ಅವನ ಉಳಿಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದರು. ಬೀಗ ಹಾಕುವಾಗ ಅಳುತ್ತಿದ್ದರು.

ಅಂದು ಜಹೂರ್ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಪಟ್ಟಿಯ ದೆಸೆಯಿಂದ ತನ್ನ ಕೈ ನೋಡಿಕೊಳ್ಳಲೂ ಅದನ್ನು ಮುಖದೆದುರಿಗೆ ಎತ್ತಬೇಕಿತ್ತು.

"ಬಸಣ್ಣ, ಕೈ ಉಳಿಸ್ಕೊ ಅಂತ ಎಲ್ಲರೂ ಹೇಳ್ಲತ್ತಾರ. ಉಳಿಸ್ಕೊಂಡು ಏನ್ ಹಿಡೀಲಿ?"

ನಾನು ಚಹಾದ ಗ್ಲಾಸು ಮುಂದೆ ಹಿಡಿದೆ. ಅದನ್ನೂ ಅವನು ಎಡಗೈಯಲ್ಲೇ ತೆಗೆದುಕೊಂಡ.